ಗಾಳಿಗೆ ಬೀಳದ ಕುಂಡ

ಮನೆ ಮಾಲೀಕರಿಗೆ, ಮಹಡಿ ಮನೆಯ ದರ್ಜಿಯಮ್ಮನ ನಮಸ್ಕಾರ.

ಕೆಳಮನೆಯ ಲಾರಿ ಡ್ರೈವರನ ತಲೆ ಮೇಲೆ ನನ್ನ ಟೊಮೆಟೊ ಕುಂಡ ಗಾಳಿಗೆ ಬಿತ್ತೆಂದು ನೀವು ಪೊಲೀಸರಿಗೆ ಹೇಳಿದಿರಂತೆ. ನನ್ನನ್ನು ಉಳಿಸಲೆಂದೇ ಹೇಳಿದಿರಿ, ನಿಮ್ಮ ಹೊಟ್ಟೆ ತಣ್ಣಗಿರಲಿ. ಆದರೆ ಚೆರ್ರಿ ಟೊಮೆಟೊ ಗಿಡ ಗೊಂಚಲು ಬಿಟ್ಟರೆ ಭಾರಕ್ಕೆ ವಾಲುತ್ತದೆ. ಅದಕ್ಕೇ ಪ್ರತಿ ಕುಂಡವನ್ನೂ ಬಾಲ್ಕನಿಯ ಕಂಬಿಗೆ ತಂತಿಯಿಂದ ಬಿಗಿದಿದ್ದೇನೆ. ಬಿರುಗಾಳಿಗೂ ಅವು ಅಲುಗುವುದಿಲ್ಲ.

ಅವತ್ತು ಅವನು ಹೆಂಡತಿಯನ್ನು ಜುಟ್ಟು ಹಿಡಿದು ಅಂಗಳಕ್ಕೆ ಎಳೆತಂದು, ಬಟ್ಟೆ ಒಗೆಯುವ ಕಲ್ಲಿಗೆ ಅವಳ ಮುಖ ಜಜ್ಜುತ್ತಿದ್ದ. ಕಲ್ಲು ಕೆಂಪಾಗಿತ್ತು.

"ಬಿಡೋ, ಸತ್ತೇ ಹೋಗ್ತಾಳೆ" ಅಂದೆ.

"ನೀನು ನಿನ್ನ ಗಿಡ ನೋಡ್ಕೋ ಹೋಗಜ್ಜಿ" ಅಂದ.

ಸರಿ, ಗಿಡವನ್ನೇ ನೋಡಿಕೊಂಡೆ. ತಂತಿ ಬಿಚ್ಚಿ, ದೊಡ್ಡ ಕುಂಡವನ್ನು ಎತ್ತಿ ಹಿಡಿದು, ಅವಳು ಪಕ್ಕಕ್ಕೆ ಉರುಳುವವರೆಗೆ ಕಾದು ಕೈಬಿಟ್ಟೆ. ಮಣ್ಣು, ಹಣ್ಣು, ರಕ್ತ ಎಲ್ಲ ಒಂದಾಗಿ, ಅವನು ಕಲ್ಲಿನ ಮೇಲೇ ಕವುಚಿಬಿದ್ದ.

ನಾಡಿದ್ದು ಆಸ್ಪತ್ರೆಯಿಂದ ಮನೆಗೆ ಬರುತ್ತಾನಂತೆ. ಗಾಳಿಯ ಕೆಲಸವೆಂದು ನಂಬಿದರೆ ಮತ್ತೆ ಕೈಯೆತ್ತುತ್ತಾನೆ. ಆದ್ದರಿಂದ ದಯವಿಟ್ಟು ನಿಮ್ಮ ಹೇಳಿಕೆ ಬದಲಿಸಿ. ನಾನು ಚೀಲ ಕಟ್ಟಿಕೊಂಡು ಕೂತಿದ್ದೇನೆ, ಪೊಲೀಸರು ಕರೆದರೆ ಹೋಗುತ್ತೇನೆ.

ಉಳಿದ ಕುಂಡಗಳನ್ನು ಮಾತ್ರ ತೆಗೆಸಬೇಡಿ. ನನ್ನ ಮನೆಯ ಕೀಲಿಯನ್ನು ಅವನ ಹೆಂಡತಿಗೆ ಕೊಟ್ಟಿದ್ದೇನೆ. ಗಿಡಕ್ಕೆ ನೀರು ಹಾಕುವುದನ್ನೂ ತಂತಿ ಬಿಚ್ಚುವುದನ್ನೂ ಹೇಳಿಕೊಟ್ಟಿದ್ದೇನೆ.

ಇಂತಿ,
ನಿಮ್ಮ ಮಹಡಿ ಮನೆಯವಳು