ಫಿಲ್ಮು ಹಿಡಿದ ಬೆರಳು

ಜೂನ್ 9, 2003, ಸೋಮವಾರ. ಚನ್ನರಾಯಪಟ್ಟಣ

ಇವತ್ತು ಹನ್ನೊಂದು ಹಲ್ಲಿನ ಎಕ್ಸ್‌ರೇ. ಫಿಲ್ಮು ಅದ್ದುವ ಡೆವಲಪರ್ ವಾಸನೆ ಎಷ್ಟು ತೊಳೆದರೂ ಕೈ ಬಿಡುವುದಿಲ್ಲ.

ಹೊಸ ಡಾಕ್ಟರು ಕೇದಾರ್ ಬೇರೆ ಫಿಲ್ಮು ತರಿಸಿದ್ದಾರೆ. ಹಳೆಯದರ ಅರ್ಧ ಟೈಮು ಕಿರಣ ಬಿಟ್ಟರೆ ಸಾಕಂತೆ. ಆದರೆ ಚಿತ್ರ ರವೆ ರವೆ. ಹದಿನಾಲ್ಕು ವರ್ಷ ಬೇರಿನ ತುದಿ ಎಳೆ ಎಳೆಯಾಗಿ ಕಾಣುವಂತೆ ತೆಗೆದವಳು ನಾನು. ಡಾಕ್ಟರಿಗೆ ಹೇಳಿಯೇಬಿಟ್ಟೆ.

"ಹಲ್ಲು ಕೀಳ್ಬೇಕೋ ಬೇಡ್ವೋ ಗೊತ್ತಾದ್ರೆ ಸಾಕು ಕನಕಲಕ್ಷ್ಮಿ ಅವ್ರೇ. ಅದಕ್ಕಿಂತ ಚೆನ್ನಾಗಿರ್ಲಿ ಅನ್ನೋದು ನಮ್ಮಾಸೆ. ರೇಡಿಯೇಶನ್ ತಗೊಳ್ಳೋದು ಪೇಷೆಂಟು."

ನನಗಿಂತ ಹದಿನೈದು ವರ್ಷ ಚಿಕ್ಕವರು. ಮಾತು ಮಾತ್ರ ಸರಿ. ಅದಕ್ಕೇ ಇನ್ನೂ ಕೋಪ.

ಜೂನ್ 12

ಒಂದು ಮಗು ಸುಮ್ಮನೆ ಕೂರಲಿಲ್ಲ. ಎಂದಿನಂತೆ ಸೀಸದ ಏಪ್ರನ್ ಹಾಕಿಕೊಂಡು ಒಳಗೇ ನಿಂತೆ. ಎಡಗೈ ಬೆರಳಿನಲ್ಲಿ ಬಾಯೊಳಗಿನ ಫಿಲ್ಮು ಅದುಮಿ, ಬಲಗೈಯಲ್ಲಿ ಬಟನ್. ಅಲುಗಿದರೆ ಚಿತ್ರ ಕಲಸಿಹೋಗುತ್ತದೆ, ಮತ್ತೆ ತೆಗೆಯಬೇಕು, ಮಗುವಿಗೆ ಎರಡು ಪಟ್ಟು. ನಾನು ಹಿಡಿದರೆ ಒಂದೇ ಸಾಕು.

ಡಾಕ್ಟರು ಬಾಗಿಲಲ್ಲಿ ನಿಂತು ನೋಡಿಬಿಟ್ಟರು. ಮಗು ಹೋದ ಮೇಲೆ ನನ್ನ ಬೆರಳನ್ನು ದೀಪಕ್ಕೆ ಹಿಡಿದರು. ಉಗುರು ಸೀಳಿದೆ, ಚರ್ಮ ಒಣಗಿ ಬಿರುಕು. ಸೋಪಿನ ಪುಡಿಯಿಂದ ಅಂದೆ.

"ಮಗೂಗೆ ಒಂದ್ಸಲ. ನಿಮ್ಗೆ ಹದಿನಾಲ್ಕು ವರ್ಷ. ಇನ್ಮೇಲೆ ಮನೆಯವ್ರು ಹಿಡ್ಕೊಳ್ಳಲಿ, ಏಪ್ರನ್ ಹಾಕ್ಸಿ. ಇನ್ನೊಂದ್ಸಲ ನೀವು ಹಿಡಿದ್ರೆ ಈ ರೂಮು ಬೇಡ, ಮುಂದ್ಗಡೆ ಕೂತು ಚೀಟಿ ಬರೀರಿ."

ಬೆರಳನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದರು. ಯಾರಾದರೂ ನನ್ನ ಕೈ ಹಿಡಿದು ಎಷ್ಟು ಕಾಲವಾಯಿತು...

ಜೂನ್ 25

ಎರಡು ವಾರದಿಂದ ಗೋಡೆಯಾಚೆ ನಿಲ್ಲುತ್ತಿದ್ದೇನೆ. ಅಮ್ಮಂದಿರು ಹಿಡಿಯುತ್ತಾರೆ. ಚೆನ್ನಾಗಿಯೇ ಹಿಡಿಯುತ್ತಾರೆ. ಒಳಗಿನಿಂದ "ಆಯ್ತು ಕಂದ, ಆಯ್ತು" ಕೇಳಿಸುತ್ತದೆ. ನಾನು ಬಟನ್ ಒತ್ತುತ್ತೇನೆ.

ಬರೆದೇಬಿಡುತ್ತೇನೆ, ಓದುವವರು ಯಾರಿದ್ದಾರೆ. ಬರೀ ಮಗುವಿಗೆ ಕಡಿಮೆಯಾಗಲಿ ಎಂದು ಹಿಡಿಯುತ್ತಿರಲಿಲ್ಲ. ಬಾಡಿಗೆ ರೂಮಿಗೆ ಹೋದರೆ ಸ್ಟೌವು, ಚಾಪೆ, ರೇಡಿಯೋ. ದಿನವಿಡೀ ನನಗೆ ಸಿಗುತ್ತಿದ್ದದ್ದು ಹೆದರಿ ನನ್ನ ಮಣಿಕಟ್ಟು ಹಿಡಿಯುವ ಆ ಪುಟ್ಟ ಕೈಗಳಷ್ಟೇ. ಇದನ್ನು ಬರೆಯಲು ನಾಚಿಕೆಯಾಗುತ್ತದೆ.

ಆಗಸ್ಟ್ 18, ಸೋಮವಾರ. ಮಧ್ಯಾಹ್ನ 2

ಕ್ಲಿನಿಕ್ಕಿನಲ್ಲೇ ಕೂತು ಬರೆಯುತ್ತಿದ್ದೇನೆ. ಫಿಲ್ಮು ಡೆವಲಪರ್ ತೊಟ್ಟಿಯಲ್ಲಿದೆ.

ಬಾಗೂರಿನ ದೀಪಶ್ರೀ, ಆರು ವರ್ಷ, ಕೆನ್ನೆ ಊದಿದೆ. ತಾಯಿ ಬಾಣಂತಿ. ಕರೆತಂದವರು ಅಜ್ಜಿ ಚಿಕ್ಕಲಕ್ಷ್ಮಮ್ಮ. ಡಾಕ್ಟರು ಎಕ್ಸ್‌ರೇಗೆ ಬರೆದುಕೊಟ್ಟು ಊಟಕ್ಕೆ ಹೋದರು. ಅಜ್ಜಿಗೆ ಏಪ್ರನ್ ಹಾಕಿಸಿದೆ. ಅವರ ಕೈ ನಡುಗಿತು. ಮೊದಲ ಫಿಲ್ಮು ಕಲಸಿತು. ಎರಡನೆಯದೂ.

"ನನ್ ಕೈ ನಿಲ್ಲಾಕಿಲ್ಲ ಕಣವ್ವ. ನೀನೇ ಇಡ್ಕಳವ್ವ, ಎಷ್ಟು ಕಿತ ಅಂತ ಆ ಮಗೀಗೆ..."

ಮಗುವಿಗೆ ಆಗಲೇ ಎರಡಾಗಿತ್ತು. ಒಳಗೆ ಹೋದೆ. ಅವಸರದಲ್ಲೇ ಹಿಡಿದೆ, ಒತ್ತಿದೆ. ಮಗು ಎರಡೂ ಕೈಯಿಂದ ನನ್ನ ಮಣಿಕಟ್ಟು ಹಿಡಿದುಕೊಂಡಿತ್ತು. ಮುಗಿದ ಮೇಲೂ ಬಿಡಲಿಲ್ಲ. ನಾನೂ ಬಿಡಿಸಿಕೊಳ್ಳಲಿಲ್ಲ.

2.20

ಚಿತ್ರ ಅಲುಗಿಲ್ಲ. ಬೇರು, ಅದರ ಕೆಳಗೆ ಕೀವಿನ ಕಪ್ಪು, ಎಲ್ಲ ಇದೆ. ಡಾಕ್ಟರಿಗೆ ಬೇಕಾದಷ್ಟು.

ಮೂಲೆಯಲ್ಲಿ ಇನ್ನೊಂದು ಮೂಳೆ. ದೊಡ್ಡವರ ಬೆರಳಿನ ತುದಿ. ಫಿಲ್ಮಿನ ಹಿಂದಿರಬೇಕಾದದ್ದು ಮುಂದಕ್ಕೆ ಜಾರಿದೆ. ಹದಿನಾಲ್ಕು ವರ್ಷದಲ್ಲಿ ಹೀಗಾಗಿರಲಿಲ್ಲ.

ಫಿಲ್ಮು ಕೆಟ್ಟಿತು ಎಂದು ಇನ್ನೊಂದು ತೆಗೆಯಬಹುದು. ಮಗುವಿಗೆ ನಾಲ್ಕಾಗುತ್ತದೆ. ಅದು ನನ್ನಿಂದಾಗದು. ಅಜ್ಜಿಯ ಬೆರಳು ಅನ್ನಬಹುದು — ಡಾಕ್ಟರು ನಂಬುತ್ತಾರೆ, ಎಕ್ಸ್‌ರೇ ರೂಮು ನನಗೆ ಉಳಿಯುತ್ತದೆ.

ದೀಪಕ್ಕೆ ಹಿಡಿದು ಹಿಡಿದು ನೋಡುತ್ತಿದ್ದೇನೆ. ಯಾರದಾದರೂ ಪಕ್ಕದಲ್ಲಿ ನಾನಿರುವ ಒಂದೂ ಫೋಟೋ ನನ್ನ ಬಳಿ ಇಲ್ಲ. ಇದರಲ್ಲಿ ಆ ಮಗುವಿನ ಹಲ್ಲಿಗೆ ತಾಗಿಕೊಂಡು ಇದ್ದೇನೆ.

ಸ್ಕೂಟರ್ ನಿಂತಿತು. ಡಾಕ್ಟರು. ಯಾರ ಬೆರಳು ಎಂದು ಕೇಳಿಯೇ ಕೇಳುತ್ತಾರೆ. ಅಜ್ಜಿಯದು ಅಂದು ಬಿಟ್ಟುಕೊಡಲು ಮನಸ್ಸಿಲ್ಲ. ಅದು ನನ್ನದು.