ತೂತಿನ ಚಾಕು ಮತ್ತು ಸರೋಜಳ ಜಾಡಿ

ಅತ್ತೆಯವರಿಗೆ ನಿಮ್ಮ ಸೊಸೆ ವನಜಳ ನಮಸ್ಕಾರ.

ನಿಮ್ಮ ತಿಥಿ ಮುಗಿಸಿ ಮುಳಬಾಗಿಲಿಗೆ ಹೊರಟ ನಿಮ್ಮ ಮಗಳು ಸರೋಜ, ಚಪ್ಪಲಿ ಹಾಕಿಕೊಳ್ಳುತ್ತ, "ಅಮ್ಮನ ಜೊತೆ ತವರೂ ಮುಗೀತು ಬಿಡಿ ಅತ್ಗೆ" ಎಂದಳು. ಪ್ರತಿ ಬೇಸಿಗೆ ನೀವು ಅವಳಿಗೆ ಕೊಡುತ್ತಿದ್ದ ಉಪ್ಪಿನಕಾಯಿ ಜಾಡಿ ಈ ವರ್ಷ ತಪ್ಪಿದರೆ ಆ ಮಾತು ನಿಜವಾಗುತ್ತದೆ ಎಂಬುದು ನನಗೆ ಗೊತ್ತಿತ್ತು.

ನೀವು ಮಣೆಗತ್ತಿಯ ಮುಂದೆ ಕೂರುತ್ತಿದ್ದುದು ನೆನಪಾಗುತ್ತದೆ. ಮಣೆಗೆ ಜೋಡಿಸಿದ ಆ ದಪ್ಪ ಕತ್ತಿಯನ್ನು ಎರಡೂ ಕೈಯಿಂದ ಒತ್ತಿದರೆ ಮಾವಿನಕಾಯಿ ಒಳಗಿನ ಗಟ್ಟಿ ಓಟೆ ಸಮೇತ ಸೀಳುತ್ತಿತ್ತು. ಓಟೆಗೆ ನಿಮ್ಮ ತವರು ಗೌನಿಪಲ್ಲಿಯ ತೆಲುಗು ಹೆಸರೇ ಆಗಬೇಕು ನಿಮಗೆ: "ಟೆಂಕ ಇಲ್ದಿದ್ರೆ ಹೋಳು ಮೆತ್ತಗಾಗ್ತದೆ ಕಣೇ." ನನಗೋ ಆ ಕತ್ತಿಯೆಂದರೆ ಭಯ, ಜೊತೆಗೆ ಭುಜದ ನೋವು. ಫೋನಿನಲ್ಲಿ ಒಂದು ಚಾಕುವಿನ ಜಾಹೀರಾತು ಕಂಡಿತು. ಅಲಗಿನಲ್ಲಿ ಸಾಲು ತೂತು, ಅಲೆಯಂಥ ಗೆರೆ, ಕಪ್ಪು ಲೇಪ. ಏನನ್ನು ಬೇಕಾದರೂ ಕತ್ತರಿಸುತ್ತದಂತೆ. ನಂಬಿದೆ.

ಚಾಕು ಬಂದ ದಿನ ನಿಮ್ಮ ಮಗ ಅದನ್ನು ತಿರುಗಿಸಿ ನೋಡಿ, "ಅಲ್ಲ ಕಣೇ, ತೂತು ಹಾಕಿ ಕಬ್ಬಿಣ ಕಮ್ಮಿ ಮಾಡವ್ರೆ, ದುಡ್ಡು ಮಾತ್ರ ಜಾಸ್ತಿನಾ?" ಎಂದರು. ನ್ಯಾಯವಾಗಿ ಹೇಳಬೇಕು: ಸೌತೆಕಾಯಿ ಬಿಲ್ಲೆ ಅದಕ್ಕೆ ಅಂಟುವುದು ಕಡಿಮೆ. ಟೊಮೆಟೊ ಹಿಸುಕದೆ ಕತ್ತರಿಸುತ್ತದೆ. ಆದರೆ ಹಳೆಯ ಚಾಕುವನ್ನು ಕಲ್ಲಿಗೆ ಮಸೆದು ನೋಡಿದೆ, ಅದೂ ಹಾಗೇ ಕತ್ತರಿಸಿತು. ಕಪ್ಪು ಲೇಪ ಪಾತ್ರೆ ತಿಕ್ಕುವ ನಾರಿಗೇ ಎದ್ದುಹೋಯಿತು.

ನಿಮ್ಮ ತವರಿನ ಮರದ ಕಾಯಿ ಒಂದು ಚೀಲ ಬಂತು. ಆ ಮರದಲ್ಲಿ ಈ ಸಲ ಬಿಟ್ಟಿದ್ದೇ ಅಷ್ಟು. ತೆಳು ಚಾಕುವನ್ನು ಓಟೆಯ ಮೇಲಿಟ್ಟು ಮರದ ಕೊಡತಿಯಿಂದ ಹೊಡೆಯುತ್ತ ಅಷ್ಟನ್ನೂ ಕತ್ತರಿಸಿದೆ. ಕೊನೆಗೆ ಚಾಕು ತೊಳೆಯುವಾಗ ನೋಡಿದರೆ ಅಂಚಿನಲ್ಲಿ ಅಕ್ಕಿ ನುಚ್ಚಿನಷ್ಟು ಉಕ್ಕು ಮುರಿದುಹೋಗಿದೆ! ಎಲ್ಲಿ ಹೋಯಿತು? ಆ ರಾಶಿಯಲ್ಲಿ ಎಲ್ಲಿ...

"ಎಲ್ಲಾ ಎಸ್ದ್‌ಬಿಡು. ಸರೋಜನ ಮಕ್ಳ ಬಾಯಿಗೆ ಹೋದ್ರೆ?" ಎಂದರು ಇವರು. ಅವರದು ತಪ್ಪಲ್ಲ.

ಮದುವೆಯಾದ ಮೊದಲ ಬೇಸಿಗೆ ನಿಮಗೆ ನೆನಪಿದೆಯೇ? ಒಂದೊಂದು ಹೋಳಿನ ಓಟೆಯೊಳಗಿನ ತೆಳು ಪೊರೆ ತೆಗೆದು, ಒಣಬಟ್ಟೆಯಲ್ಲಿ ಒರೆಸಲು ಕೂರಿಸಿದಿರಿ. "ಎಲ್ಲಾನೂ ಒರಸ್ಬೇಕಾ ಅತ್ತೆ?" ಎಂದೆ. "ನೆಂಟ್ರು ಬಂದ್ರೆ ಮಕ ಎಷ್ಟು ಸಲ ಒರಸ್ಕಂತೀಯ? ಇದಕ್ಕೆ ಒಂದೇ ಸಲ ಸಾಕು" ಎಂದಿರಿ. ಅಂದು ಮುಖ ಊದಿಸಿಕೊಂಡಿದ್ದೆ. ಈಗ ಬಿಳಿ ಬಟ್ಟೆ ಹಾಸಿ, ಹಾಗೇ ಒರೆಸುತ್ತ ಕೂತೆ. ಸ್ವಲ್ಪ ಹೊತ್ತು ನೋಡಿ ಇವರೂ ಕೂತರು. ಅರ್ಧ ರಾಶಿ ಮುಗಿದಾಗ ಒಂದು ಓಟೆಯಲ್ಲಿ ನಾಟಿಕೊಂಡಿದ್ದ ಚೂರು ಬಟ್ಟೆಯ ನೂಲನ್ನು ಹಿಡಿದೆಳೆಯಿತು. ತೆಗೆದು ಚಾಕುವಿನ ಮುಕ್ಕಿಗೆ ಇಟ್ಟೆವು. ಸರಿಯಾಗಿ ಕೂತಿತು. ಆದರೂ ಉಳಿದದ್ದನ್ನೂ ಬಿಡದೆ ಒರೆಸಿದೆವು.

ನೀವು ಕಲಿಸಿದ್ದು ಉಪ್ಪಿನಕಾಯಿ ಕೆಡದಿರಲಿ ಎಂದು. ಅದು ಈ ಚೂರು ಹುಡುಕಲೂ ಒದಗಿತಲ್ಲ ಅತ್ತೆ, ಅದಕ್ಕೆ ನಿಮಗೊಂದು ನಮಸ್ಕಾರ. ಈಗ ಯಾರಾದರೂ ಚಾಕು ಕೊಳ್ಳಲೇ ಎಂದು ಕೇಳಿದರೆ, ತೂತು ಗೆರೆಗಳಿಗೆ ಹೆಚ್ಚು ದುಡ್ಡು ಕೊಡಬೇಡಿ, ಅಲಗು ಎಷ್ಟು ದಪ್ಪ, ಕತ್ತರಿಸುವುದು ಏನನ್ನು, ಅದನ್ನು ನೋಡಿ ಎನ್ನುತ್ತೇನೆ.

ಮೊನ್ನೆ ಜಾಡಿ ಹಿಡಿದು ಮುಳಬಾಗಿಲಿಗೆ ಹೋದೆ. ಮುಚ್ಚಳ ತೆಗೆಯುವ ಮೊದಲೇ ಸರೋಜಳಿಗೆ ನಡೆದದ್ದೆಲ್ಲ ಹೇಳಿದೆ. ಬೇಡವೆಂದರೆ ವಾಪಸು ತರುವುದೆಂದುಕೊಂಡಿದ್ದೆ. "ಅಷ್ಟೂ ಹೋಳು ಒರೆಸಿದ್ರಾ? ಅಣ್ಣಾನೂ ಕೂತ್ನಾ?" ಎಂದು ಕೇಳಿ, ಒಂದು ಹೋಳು ತೆಗೆದು ಕಟ್ಟೆಂದು ಕಡಿದಳು. "ಅಮ್ಮನಷ್ಟು ಖಾರ ಇಲ್ಲ" ಎಂದಳು. ಇನ್ನೊಂದು ತೆಗೆದುಕೊಂಡಳು. ಆಮೇಲೆ ಬಸ್ಸಿನವರೆಗೆ ಬಂದು ಹೇಳಿದಳು:

"ಗೌರಿ ಹಬ್ಬಕ್ಕೆ ಬಾಗಿನ ಕಳಿಸ್ಬೇಡಿ ಅತ್ಗೆ. ನಾನೇ ಬರ್ತೀನಿ."