ಹಗ್ಗವಿಲ್ಲದ ಬಾವಿ

ನೀರ್ಕೊಡ್ಲು, ಸಿದ್ದಾಪುರ ತಾಲೂಕು
೯ ಮಾರ್ಚ್ ೨೦೨೫, ಭಾನುವಾರ

ಪ್ರೀತಿಯ ಇವರೇ,

ಹೆಂಡತಿ ಇನ್ನೂ ಹಳೇ ಕಾಲದವಳು ಎಂದು ನಗಬೇಡಿ. ಲಕೋಟೆಯ ಮೇಲೆ ನಿಮ್ಮ ಹೆಸರನ್ನು ಮಗಳು ಭೂಮಿಕಾಳ ಕೈಯಲ್ಲೇ ಬರೆಸುತ್ತೇನೆ. ಮದುವೆಯಾದ ಹೊಸತರಲ್ಲಿ ಒಮ್ಮೆ ನಿಮ್ಮನ್ನು ಹೆಸರು ಹಿಡಿದು ಕರೆದದ್ದಕ್ಕೆ ಅತ್ತೆ, "ಗಂಡನ ಹೆಸ್ರು ಹೇಳಿರೆ ಅವನ ಆಯಸ್ಸು ಕಮ್ಮಿ ಆಗ್ತದೆ, ಹುಷಾರು" ಎಂದಿದ್ದರಲ್ಲ, ಅದು ತಲೆಯಲ್ಲಿ ಕೂತುಬಿಟ್ಟಿದೆ. ನಂಬಿಕೆ ಅಷ್ಟೇನೂ ಇಲ್ಲ. ಆದರೆ ಗಂಡ ನೆಲದ ಕೆಳಗೆ ಇಳಿದು ಕೆಲಸ ಮಾಡುವವನಾದರೆ ಯಾರಿಗಾದರೂ ಹೆದರಿಕೆ ಇರುತ್ತದೆ.

ಕೆಮ್ಮು ಹೇಗಿದೆ? "ಅದು ಧೂಳು, ಹೋಗ್ತದೆ" ಎಂಬ ಉತ್ತರ ಬೇಡ, ಅದನ್ನು ಕೇಳಿ ಕೇಳಿ ಸಾಕಾಗಿದೆ. ಡಾಕ್ಟರ ಹತ್ತಿರ ಹೋದಿರೋ ಇಲ್ಲವೋ, ಅಷ್ಟು ಹೇಳಿ. ಅತ್ತೆಯ ಮಂಡಿನೋವು ಇದ್ದ ಹಾಗೇ ಇದೆ, ಬಾಯಿ ಗಟ್ಟಿಯಾಗಿದೆ. ಭೂಮಿಕಾ ನನ್ನ ಹೆಗಲ ಎತ್ತರಕ್ಕೆ ಬಂದಿದ್ದಾಳೆ, ಬಂದರೆ ನಿಮಗೆ ಗುರುತು ಸಿಗಲಿಕ್ಕಿಲ್ಲ. ಈ ಕಾಲದಲ್ಲಿ ಕಾಗದ ಯಾಕೆ ಎಂದರೆ, ನಿಮ್ಮ ಫೋನು ಫೋನೇ ಅಲ್ಲ. ಕೋಣೆ ತುಂಬ ಗಂಡಸರು, ಆಚೆಯಿಂದ ಮಿಷನ್ನಿನ ಗರಗರ, ಮಧ್ಯೆ ನೀವು "ಊಟ ಆಯ್ತಾ? ಸರಿ, ಇಡ್ತೆ" ಎಂದುಬಿಡುತ್ತೀರಿ. ನಾನು ಹೇಳಬೇಕೆಂದದ್ದೆಲ್ಲ ಹಾಗೇ ಉಳಿದುಹೋಗುತ್ತದೆ.

ನಮ್ಮ ಹಿಂದಿನ ಗುಡ್ಡಕ್ಕೆ ತಾಮ್ರ ಹುಡುಕುವ ಮಿಷನ್ ಬಂದಿದ್ದು ನಿಮಗೆ ಗೊತ್ತು. ಗೊತ್ತಿಲ್ಲದ್ದು ಒಂದಿದೆ. ಅದು ಶುರುವಾದ ದಿನ ನಾನು ಕೊಟ್ಟಿಗೆಯಲ್ಲಿ ಸಗಣಿ ತೆಗೆಯುತ್ತಿದ್ದೆ. ಗರಗರ ಎಂದು ಸದ್ದು ಬಂದದ್ದೇ ತಡ, ನೀವು ಫೋನು ಮಾಡಿದಿರೆಂದು ಕೈ ತೊಳೆಯದೆ ಒಳಗೆ ಓಡಿದೆ! ಫೋನು ಸುಮ್ಮನೆ ಗೂಡಿನಲ್ಲಿ ಕೂತಿತ್ತು. ಆಮೇಲೆ ತಿಳಿಯಿತು, ಇಷ್ಟು ವರ್ಷ ನಿಮ್ಮ ಮಾತಿನ ಹಿಂದೆ ಕೇಳುತ್ತಿದ್ದ ಸದ್ದೇ ಈಗ ನಮ್ಮ ಗುಡ್ಡದಿಂದ ಬರುತ್ತಿತ್ತು. ಅತ್ತೆ "ಹಾಳಾದ್ದು, ಕೆವಿ ತೂತಾಗ್ತದೆ" ಎಂದು ಬೈಯುತ್ತಿದ್ದರೆ, ನಾನು ಸಂಜೆ ಹುಲ್ಲು ಕೊಯ್ಯುವ ನೆಪ ಮಾಡಿಕೊಂಡು ಗುಡ್ಡದ ಬುಡದಲ್ಲಿ ಕೂರುತ್ತಿದ್ದೆ. ನೀವು ಅಲ್ಲೇ ಮೇಲೆ ಎಲ್ಲೋ ಇದ್ದೀರಿ, ಕೆಲಸ ಮುಗಿದ ಮೇಲೆ ಇಳಿದು ಬರುತ್ತೀರಿ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಊರೆಲ್ಲ ಶಪಿಸುವ ಸದ್ದು ನನಗೆ ಜೊತೆಯಾಗಿತ್ತು. ಇದನ್ನು ಯಾರಿಗೂ ಹೇಳಿಲ್ಲ, ನೀವೂ ಹೇಳಬೇಡಿ.

ಮಿಷನ್ನಿನ ಮೇಸ್ತ್ರಿ ರವೀಂದ್ರ ಎಂಬವನು ಬನವಾಸಿ ಕಡೆಯವನು, ಒಳ್ಳೆಯವನು. ಮಜ್ಜಿಗೆ ಕೇಳಿಕೊಂಡು ಬಂದಾಗ ಗೋಡೆಯ ಮೇಲೆ ಹೆಲ್ಮೆಟ್ ಹಾಕಿಕೊಂಡ ನಿಮ್ಮ ಫೋಟೋ ನೋಡಿ, "ಅಕ್ಕಾರ, ನಿಮ್ಮ ಮನಿಯವ್ರು ತಾಮ್ರದ ಗಣ್ಯಾಗ ಅದಾರೇನ್ರಿ? ಇಲ್ಲಿ ಗಣಿ ಬಂತಂದ್ರ ಅಂಥವ್ರೇ ಮೊದಲ ಬೇಕಾಗ್ತಾರ್ರಿ. ಕರ್ಸಿಬಿಡ್ರಿ" ಎಂದ. ಅವನು ಕೇಳದಿದ್ದರೂ ಇನ್ನೊಂದು ಲೋಟ ಮಜ್ಜಿಗೆ ಕೊಟ್ಟೆ. ಅವತ್ತಿನಿಂದ ನನ್ನ ತಲೆ ನನ್ನ ಮಾತು ಕೇಳಲಿಲ್ಲ. ನೀವು ಬುತ್ತಿ ಕಟ್ಟಿಕೊಂಡು ಬೈಕಿನಲ್ಲಿ ಗುಡ್ಡ ಹತ್ತುವುದು, ಸಂಜೆ ಬಚ್ಚಲಲ್ಲಿ ನಿಮ್ಮ ಬಟ್ಟೆಯ ಕೆಂಪು ನೀರು ಹೋಗುವುದು, ನಾನು ಆ ಬಟ್ಟೆ ಒಗೆಯುತ್ತ ಬೈಯುವುದು, ಎಲ್ಲ ಕಾಣತೊಡಗಿತು. ಶಿರಸಿ ಪೇಟೆಗೆ ಹೋದಾಗ ನಿಮ್ಮ ಅಳತೆಯ ಒಂದು ಅಂಗಿಯನ್ನೂ ತಂದಿಟ್ಟೆ. ಹುಚ್ಚು ಎನ್ನಿ.

ಅಷ್ಟರಲ್ಲಿ ಬಾವಿಯ ನೀರು ಕದಡಿತು. ಬೂದಿ ಕಲಸಿದ ಬಣ್ಣ. ಅತ್ತೆ ಹಳೆಯ ಸೀರೆಯಲ್ಲಿ ಸೋಸಿದರೂ ತಳದಲ್ಲಿ ರಾಡಿ ನಿಲ್ಲುತ್ತಿತ್ತು. ಗುಡ್ಡದ ಒರತೆಯೇ ಅಲ್ಲವೇ ನಮ್ಮೆಲ್ಲರ ಬಾವಿಗೆ ಇಳಿಯುವುದು. ರವೀಂದ್ರ "ನಾಕ್ ದಿನಾ ತಡೀರಿ, ತಿಳಿ ಆಗ್ತದ" ಎಂದ. ತಿಳಿಯಾಯಿತು, ಸುಳ್ಳೇಕೆ ಹೇಳಲಿ. ಆದರೆ ಜನ ಸುಮ್ಮನಾಗಲಿಲ್ಲ. ಪಕ್ಕದ ಮನೆಯ ಕೆರಿಯಪ್ಪ ಮಾವ ಮನೆಮನೆ ತಿರುಗಿ, "ಬರೀ ತೂತು ಹೊಡೆದಿದ್ದಕ್ಕೇ ಇಷ್ಟು. ನಾಳೆ ಗುಡ್ಡಾನೇ ತೋಡಿರೆ ಎಂತ ಕುಡಿಯೂದು?" ಎಂದು ಕೇಳಿದರು. ಪಂಚಾಯ್ತಿಯಲ್ಲಿ ಸಭೆ ಕರೆದರು. ಯಲ್ಲಾಪುರ ಕಡೆಯಿಂದಲೂ ಒಂದು ಟೆಂಪೋ ಜನ ಬಂದಿದ್ದರು, ಅವರ ಕಡೆಯ ಗುಡ್ಡಗಳ ಮೇಲೂ ಗಣಿಯವರ ಕಣ್ಣಿದೆಯಂತೆ.

ನಿಮಗೆ ನೆನಪಿದೆಯೋ ಇಲ್ಲವೋ, ಹೋದ ಸಲ ರಜೆಗೆ ಬಂದವರು ಚೀಲ ಇಳಿಸುವ ಮೊದಲು ಬಾವಿಕಟ್ಟೆಗೆ ಹೋಗಿ, ಸೇದಿ, ಕೊಡಕ್ಕೇ ಬಾಯಿ ಹಚ್ಚಿ ಕುಡಿದಿರಿ. ಎದೆಯೆಲ್ಲ ಒದ್ದೆ. ಆಮೇಲೆ ಹಗ್ಗವನ್ನು ಕೈಯಲ್ಲಿ ಹಿಡಿದುಕೊಂಡೇ, "ಅಲ್ಲಿ ನಮ್ಮ ಗಣಿ ಹತ್ರದ ಊರಲ್ಲಿ ಬಾವಿ ಅದೆ, ಹಗ್ಗ ಇಲ್ಲ. ಗಣಿ ಬಂದ ಮೇಲೆ ಯಾರೂ ಸೇದೂದಿಲ್ಲ" ಎಂದಿರಿ. ನಾನು ಒಳಗೆ ಹೋಗಿ ಚಹಾಕ್ಕೆ ನೀರಿಟ್ಟೆ. ಸಭೆಯ ಹಿಂದಿನ ದಿನವೆಲ್ಲ ಆ ಮಾತು ಬೇಡವೆಂದರೂ ನೆನಪಾಗುತ್ತಿತ್ತು. ಅದನ್ನು ಸಭೆಯಲ್ಲಿ ಆಡಿದರೆ ನೀವು ಬರುವ ದಾರಿ ಮುಚ್ಚುತ್ತದೆ. ಆಡದಿದ್ದರೆ ನೀವು ಬರುತ್ತೀರಿ, ಬಂದ ದಿನ ಕೊಡಕ್ಕೆ ಬಾಯಿ ಹಚ್ಚುವುದಕ್ಕೆ ನೀರಿರುತ್ತದೋ ಇಲ್ಲವೋ. ಒಬ್ಬಳೇ ಕೂತು ಯೋಚಿಸುವುದು ಎಷ್ಟು ಕಷ್ಟ ಎಂದು ನಿಮಗೆ ಗೊತ್ತಿಲ್ಲ. ನಿಮಗೆ ಕೋಣೆ ತುಂಬ ಜನ ಇದ್ದಾರೆ.

ಅತ್ತೆ ಆಶೀರ್ವಾದ ತಿಳಿಸಿದ್ದಾರೆ, ಜೊತೆಗೆ ಎಣ್ಣೆ ಹಚ್ಚಿಕೊಳ್ಳದೆ ತಲೆಗೆ ನೀರು ಹಾಕಿಕೊಳ್ಳಬಾರದಂತೆ. ಭೂಮಿಕಾ ಮುತ್ತು ಕಳಿಸಿದ್ದಾಳೆ. ಮೈ ನೋಡಿಕೊಳ್ಳಿ, ಹೊತ್ತಿಗೆ ಸರಿಯಾಗಿ ಉಣ್ಣಿ.

ನಿಮ್ಮ ದಾರಿ ಕಾಯುವ,
ನಮಿತಾ

ಮರೆತ ಮಾತು: ಮರೆತೆ ಎಂಬುದು ಸುಳ್ಳು, ಬರೆಯಲು ಧೈರ್ಯ ಬಂದಿರಲಿಲ್ಲ. ಈಗ ಕಾಗದ ಕೊಟ್ಟು ಕಳಿಸುವ ಬಸ್ಸಿನ ಹೊತ್ತಾಯಿತು, ಬೇಗ ಬರೆಯುತ್ತೇನೆ. ಸಭೆಯಲ್ಲಿ ಕೆರಿಯಪ್ಪ ಮಾವ, "ಗಣಿ ಎಂತದು ಅಂತ ನಿನ್ನ ಗಂಡಂಗೆ ಗೊತ್ತು, ನೀನೇ ಹೇಳೇ" ಎಂದು ಮೈಕು ನನ್ನ ಕೈಗೆ ಕೊಟ್ಟರು. ಬರೆದುಕೊಳ್ಳಲು ಎದುರಿಗೆ ಕೂತ ಸಾಹೇಬರು ಗಂಡನ ಹೆಸರು ಕೇಳಿದರು. ಹೇಳಿದೆ. ಊರೆಲ್ಲ ಗೊಳ್ಳೆಂದು ನಕ್ಕಿತು, ಅತ್ತೆ ಸೆರಗಿನಿಂದ ಮುಖ ಮುಚ್ಚಿಕೊಂಡರು. ಆಮೇಲೆ ಹಗ್ಗವಿಲ್ಲದ ಬಾವಿಯ ಮಾತು ಹೇಳಿದೆ. ಅಷ್ಟೇ, ಮುಂದೆ ಅಳು ಬಂತು. ಯಾರೂ ನಗಲಿಲ್ಲ. ಗಣಿ ಬೇಡವೆಂದು ಕೈಗಳೆಲ್ಲ ಮೇಲೆದ್ದವು, ನನ್ನದೂ. ಇದರಿಂದ ಗಣಿ ನಿಲ್ಲುತ್ತದೋ ಇಲ್ಲವೋ ಗೊತ್ತಿಲ್ಲ, ಮಿಷನ್ ಮಾತ್ರ ಹೋಗಿದೆ. ರವೀಂದ್ರ ಹೋಗುವಾಗ ಮಜ್ಜಿಗೆಗೆ ಬರಲಿಲ್ಲ. ಗುಡ್ಡ ತೆಪ್ಪಗಿದೆ, ಸಂಜೆ ನನಗೆ ಕೂರಲು ಜಾಗವಿಲ್ಲ. ಹೆಸರು ಹೇಳಿಯಾಗಿದೆ, ಇನ್ನು ಬರೆಯಲು ಹೆದರುವುದೇನು? ನಿನ್ನ ಆಯಸ್ಸು ತಿನ್ನುತ್ತಿರುವುದು ಆ ಧೂಳು. ಗಿರೀಶಾ, ಕೆಲಸ ಇದ್ದರೂ ಇಲ್ಲದಿದ್ದರೂ ಮನೆಗೆ ಬಾ.